ಶಹಾಜಿಯನ್ನು ಹಿಡಿದ ಮುಧೋಳದ ಸರದಾರ

ಕಬ್ಬು ಕಡಿಯುವ ಹಂಗಾಮು ಶುರುವಾಯಿತೆಂದರೆ ಜಮಖಂಡಿ–ಮುಧೋಳ ರಸ್ತೆ ಟ್ರ್ಯಾಕ್ಟರುಗಳ ಪಾಲು. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರು, ಅದರ ಮೇಲೆ ಆಳೆತ್ತರದ ಕಬ್ಬು, ಎದೆ ನಡುಗಿಸುವ ಹಾಡು. ರಬಕವಿ–ಬನಹಟ್ಟಿಯಿಂದ ಸೀರೆಯ ಗಂಟು ಹೊತ್ತ ವ್ಯಾಪಾರಿ, ಬೀಳಗಿ ಕಡೆಯಿಂದ ಸಂತೆಗೆ ಹೊರಟ ರೈತ, ಎಲ್ಲರೂ ಅದರ ಹಿಂದೆ ಧೂಳು ಕುಡಿಯುತ್ತ ಸಾಗಬೇಕು. ದಾರಿಯ ಎರಡೂ ಬದಿಗೆ ಎರೆಭೂಮಿ. ನಾಲೆ, ಕಾರ್ಖಾನೆ, ಕಬ್ಬು ಬರುವ ಮೊದಲು ಇಲ್ಲೆಲ್ಲ ಜೋಳ ತೂಗುತ್ತಿತ್ತು. ಆ ಜೋಳದ ಹುಟ್ಟುವಳಿಯ ಮೇಲೆ ಕುದುರೆ ಸಾಕಿ, ದಂಡು ಕಟ್ಟಿ, ಬಿಜಾಪುರದ ಬಾದಶಹನ ಕರೆ ಬಂದಾಗ ಏರಿ ಹೋಗುತ್ತಿದ್ದ ಸರದಾರರು ಈ ಸೀಮೆಯಲ್ಲಿದ್ದರು.

ಮುಧೋಳ ಅಂದರೆ ನಮಗೆ ತಟ್ಟನೆ ನೆನಪಾಗುವುದು ಕವಿ ರನ್ನ, ಬೇಟೆನಾಯಿ, ಸಕ್ಕರೆ. ಅವುಗಳ ಬೆನ್ನಿಗೇ ಘೋರ್ಪಡೆ ಅರಸರ ಹೆಸರೂ ಬರುತ್ತದೆ, ಆದರೆ ಅರೆಬರೆಯಾಗಿ. ‘ಶಿವಾಜಿಯ ತಂದೆಯನ್ನು ಮೋಸದಿಂದ ಹಿಡಿದುಕೊಟ್ಟವನು ಮುಧೋಳದವನಂತೆ, ಆಮೇಲೆ ಶಿವಾಜಿಯೇ ಬಂದು ಅವನನ್ನು ಕೊಂದನಂತೆ’ ಎನ್ನುವಷ್ಟಕ್ಕೆ ಮಾತು ನಿಲ್ಲುತ್ತದೆ. ಹಿಡಿದದ್ದು ನಿಜ, ಕೊಂದದ್ದೂ ನಿಜ. ನಡುವಿನ 16 ವರ್ಷಗಳನ್ನೂ ಆಮೇಲಿನ 13 ವರ್ಷಗಳನ್ನೂ ಸೇರಿಸಿ ನೋಡಿದರೆ ಮಾತ್ರ ಬಾಜಿ ಘೋರ್ಪಡೆ ಎಂಬ ಈ ಮನುಷ್ಯ ನಾಟಕದ ಖಳನಾಯಕನ ಅಳತೆಗೆ ಹೊಂದುವುದಿಲ್ಲ.

ಉಡದ ಹಗ್ಗ ಹಿಡಿದು ಮೇಲೇರಿದ ಮನೆತನ

ಘೋರ್ಪಡೆಗಳು ತಮ್ಮ ಮೂಲವನ್ನು ಮೇವಾಡದ ಸಿಸೋದಿಯಾ ರಜಪೂತರಲ್ಲಿ ಹುಡುಕುತ್ತಾರೆ. ಮನೆತನದ ಕತೆಯ ಪ್ರಕಾರ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗಾವಾನ್ ಸಹ್ಯಾದ್ರಿಯ ಖೇಳಣಾ ಕೋಟೆಗೆ ಮುತ್ತಿಗೆ ಹಾಕಿದಾಗ ಕರ್ಣಸಿಂಹ, ಭೀಮಸಿಂಹ ಎಂಬ ತಂದೆ–ಮಗ ಆ ದಂಡಿನಲ್ಲಿದ್ದರು. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕಡಿದಾದ ಗೋಡೆಯ ಮೇಲೆ ಬಿಟ್ಟು, ಅದು ಕಚ್ಚಿಕೊಂಡ ಮೇಲೆ ಹಗ್ಗ ಹಿಡಿದು ಹತ್ತಿದರು. ಕರ್ಣಸಿಂಹ ಆ ಕಾಳಗದಲ್ಲಿ ಸತ್ತ. ಮಗನಿಗೆ 1471ರಲ್ಲಿ ‘ರಾಜಾ ಘೋರ್ಪಡೆ ಬಹಾದ್ದೂರ್’ ಎಂಬ ಬಿರುದೂ ಮುಧೋಳದ ಸುತ್ತಿನ 84 ಹಳ್ಳಿಗಳ ಜಹಗೀರೂ ಬಂದವು. ಮರಾಠಿಯಲ್ಲಿ ಉಡಕ್ಕೆ ಘೋರ್ಪಡ್ ಎನ್ನುತ್ತಾರೆ.

ಉಡದ ಕತೆಯನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಬಹಮನಿ ರಾಜ್ಯ ಒಡೆದು ಬಿಜಾಪುರದಲ್ಲಿ ಆದಿಲಶಾಹಿ ನಿಂತ ಮೇಲೆ ಮುಧೋಳದವರು ಆ ಗಾದಿಗೆ ನಡೆದುಕೊಂಡರು. ಇದೇ ವಂಶಾವಳಿ ಹೇಳುವ ಇನ್ನೊಂದು ಸಂಗತಿಯನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು: ಘೋರ್ಪಡೆಗಳೂ ಶಹಾಜಿ, ಶಿವಾಜಿಯರ ಮನೆತನವಾದ ಭೋಸಲೆಗಳೂ ಒಂದೇ ಬುಡದ ಎರಡು ಕವಲು. ಹಾಗಿದ್ದರೆ ಬಾಜಿ ಹಿಡಿದದ್ದು ದಾಯಾದಿಯನ್ನು.

ಕುದುರೆಯ ಲೆಕ್ಕ, ಹಳ್ಳಿಯ ಲೆಕ್ಕ

ಬಾಜಿಯ ನಡೆ ಅರ್ಥವಾಗಬೇಕಾದರೆ ಜಹಗೀರು ಹೇಗೆ ನಡೆಯುತ್ತಿತ್ತು ಎಂಬುದು ತಿಳಿದಿರಬೇಕು. ಬಾದಶಹ ಸರದಾರನಿಗೆ ಸಂಬಳ ಎಣಿಸುತ್ತಿರಲಿಲ್ಲ. ಇಂತಿಷ್ಟು ಹಳ್ಳಿಗಳ ಕಂದಾಯ ಎತ್ತಿಕೋ ಎನ್ನುತ್ತಿದ್ದ. ಬದಲಿಗೆ ಸರದಾರ ಇಂತಿಷ್ಟು ಕುದುರೆ ಸವಾರರನ್ನು ಸಾಕಿ, ಕರೆದಾಗ ಕರೆದಲ್ಲಿಗೆ ತರಬೇಕು. ಸವಾರರಲ್ಲೂ ಎರಡು ತರ. ಬಾರಗೀರನಿಗೆ ಕುದುರೆ, ಆಯುಧ ಧಣಿಯವು. ಶಿಲೇದಾರ ತನ್ನದೇ ಕುದುರೆ ತರುತ್ತಿದ್ದ, ಅವನ ಪಗಾರವೂ ಹೆಚ್ಚು, ದಿಮಾಕೂ ಹೆಚ್ಚು. ಮಳೆ ಕೈಕೊಟ್ಟರೆ ಕಂದಾಯ ಇಲ್ಲ, ಕುದುರೆಗೆ ಕಾಳಿಲ್ಲ. ಹಾಜರಿಯಲ್ಲಿ ಕುದುರೆ ಕಡಿಮೆ ಬಿದ್ದರೆ ಹುಜೂರಿನ ಕೆಂಗಣ್ಣು.

ಜಹಗೀರು ಕೊಟ್ಟವರು ಕಿತ್ತುಕೊಳ್ಳಬಹುದು. ವತನ ಹಾಗಲ್ಲ. ದೇಶಮುಖಿ, ದೇಸಾಯಿಕೆ, ಗೌಡಕಿ ಮುಂತಾದ ಹಕ್ಕುಗಳು ಅಪ್ಪನಿಂದ ಮಗನಿಗೆ ಇಳಿಯುತ್ತಿದ್ದವು. ವತನಕ್ಕಾಗಿ ಅಣ್ಣತಮ್ಮಂದಿರು ತಲೆ ಒಡೆದುಕೊಂಡದ್ದಕ್ಕೆ ಈ ಭಾಗದ ಹಳೆಯ ಕಾಗದಪತ್ರಗಳಲ್ಲಿ ಲೆಕ್ಕವಿಲ್ಲ. ಬಾದಶಹರು ಬದಲಾದರೂ ವತನ ಉಳಿಯಬೇಕು ಎಂಬುದೇ ಆ ಕಾಲದ ಪ್ರತಿ ಮನೆತನದ ಹಟ. ಮರಾಠರು, ಕನ್ನಡಿಗರು, ದಖನಿ ಮುಸಲ್ಮಾನರು, ಹಬಶಿಗಳು, ಪಠಾಣರು ಎಲ್ಲರೂ ಒಂದೇ ದರಬಾರಿನಲ್ಲಿ ನಿಂತು ಮುಜರೆ ಸಲ್ಲಿಸುತ್ತಿದ್ದರು. ಜಾತಿ ಮತ್ತು ಭಾಷೆ ಆಗಲೂ ಇದ್ದವು; ಆದರೆ ಉಂಡ ಉಪ್ಪು ಯಾರದು ಎನ್ನುವುದು ಅವಕ್ಕಿಂತ ಮೊದಲು ಬರುತ್ತಿತ್ತು.

ದಕ್ಷಿಣಕ್ಕೆ ಹೊರಟ ದಂಡು

1636ರಲ್ಲಿ ಮೊಗಲ ಬಾದಶಹ ಷಹಜಹಾನನೊಡನೆ ಒಪ್ಪಂದವಾದ ಮೇಲೆ ಬಿಜಾಪುರದ ಮುಹಮ್ಮದ್ ಆದಿಲ್ ಶಾಹನಿಗೆ ಉತ್ತರದ ಚಿಂತೆ ತಪ್ಪಿತು. ಗೋಳಗುಮ್ಮಟದಲ್ಲಿ ಮಲಗಿರುವವನು ಇವನೇ. ದಂಡು ದಕ್ಷಿಣಕ್ಕೆ ತಿರುಗಿತು. ಇಕ್ಕೇರಿ ಬಾಗಿತು, 1638ರಲ್ಲಿ ಕೆಂಪೇಗೌಡರ ಬೆಂಗಳೂರು ಬಿಜಾಪುರದ ವಶವಾಯಿತು. ಅಹಮದನಗರದ ನಿಜಾಮಶಾಹಿ ಮುಳುಗಿದ ಮೇಲೆ ಬಿಜಾಪುರಕ್ಕೆ ಬಂದಿದ್ದ ಶಹಾಜಿ ಭೋಸಲೆ ಈ ದಂಡಯಾತ್ರೆಗಳಲ್ಲಿ ಹೆಸರು ಮಾಡಿ ಬೆಂಗಳೂರನ್ನೇ ಜಹಗೀರಾಗಿ ಪಡೆದ. ಪುಣೆಯ ಜಹಗೀರನ್ನು ಅವನ ಹೆಂಡತಿ ಜೀಜಾಬಾಯಿ ಮತ್ತು ಎಳೆಯ ಮಗ ಶಿವಾಜಿ ನೋಡಿಕೊಳ್ಳುತ್ತಿದ್ದರು.

1648ರ ಹೊತ್ತಿಗೆ ಬಿಜಾಪುರದ ದಂಡು ತಮಿಳುನಾಡಿನ ಜಿಂಜಿ ಕೋಟೆಯ ಬುಡದಲ್ಲಿ ಬೀಡುಬಿಟ್ಟಿತ್ತು. ಸೇನಾಪತಿ ಮುಸ್ತಫಾ ಖಾನ್. ಅವನ ಕೈಕೆಳಗೆ ಶಹಾಜಿಯೂ ಇದ್ದ, ಮುಧೋಳದ ಬಾಜಿಯೂ ಇದ್ದ.

ಮುತ್ತಿಗೆ ಎಳೆದಷ್ಟೂ ಬೀಡಿನಲ್ಲಿ ಕಾಳು ತುಟ್ಟಿಯಾಯಿತು. ತನ್ನ ಸವಾರರು ಹಸಿವೆ ತಡೆಯಲಾರರು, ಊರಿಗೆ ಹೋಗುತ್ತೇನೆ ಎಂದು ಶಹಾಜಿ ರಜೆ ಕೇಳಿದ. ಖಾನ್ ಒಪ್ಪಲಿಲ್ಲ. ಅಪ್ಪಣೆ ಇಲ್ಲದೆಯೂ ಹೊರಟೇನು ಎಂದು ಶಹಾಜಿ ಹೇಳಿಕಳಿಸಿದ ಎಂಬುದು ಬಿಜಾಪುರದ ಇತಿಹಾಸಕಾರರ ಮಾತು. ಅತ್ತ ಪುಣೆ ಸೀಮೆಯಲ್ಲಿ ಮಗ ಒಂದೊಂದೇ ಕೋಟೆಯನ್ನು ಬಗಲಿಗೆ ಹಾಕಿಕೊಳ್ಳುತ್ತಿದ್ದ ಸುದ್ದಿ ದರಬಾರಿಗೆ ಮುಟ್ಟಿತ್ತು. ಮಗ ಅಲ್ಲಿ ಕೋಟೆ ಹಿಡಿಯುತ್ತಾನೆ, ಅಪ್ಪ ಇಲ್ಲಿ ಬೀಡು ಬಿಟ್ಟು ಏಳುತ್ತಾನೆ ಎಂದರೆ ಯಾವ ಸೇನಾಪತಿ ಸುಮ್ಮನಿದ್ದಾನು?

1648ರ ಆ ಬೆಳಗಿನ ಜಾವ

ಜುಲೈ 25. ನಸುಕಿನಲ್ಲಿ ಮುಸ್ತಫಾ ಖಾನ್ ಬಾಜಿ ಘೋರ್ಪಡೆಯ ಜೊತೆ ಬೇರೆ ಸರದಾರರನ್ನೂ ಸವಾರರ ಸಮೇತ ಶಹಾಜಿಯ ಡೇರೆಯತ್ತ ಕಳಿಸಿದ. ಬಿಜಾಪುರದ ಆಸ್ಥಾನ ಇತಿಹಾಸ ‘ಮುಹಮ್ಮದ್ ನಾಮಾ’ದ ಪ್ರಕಾರ ಹಿಂದಿನ ರಾತ್ರಿ ಶಹಾಜಿ ಮೋಜಿನಲ್ಲಿ ಕಳೆದಿದ್ದ, ಇನ್ನೂ ಹಾಸಿಗೆಯಲ್ಲೇ ಇದ್ದ. ಗಲಾಟೆ ಕೇಳಿ ಎದ್ದವನೇ ಒಬ್ಬನೇ ಕುದುರೆ ಏರಿ ಓಡಿದ. ಬಾಜಿ ಬೆನ್ನಟ್ಟಿ ಹಿಡಿದು ತಂದು ಖಾನನ ಮುಂದೆ ನಿಲ್ಲಿಸಿದ.

ಶಿವಾಜಿಯ ಆಶ್ರಯದಲ್ಲಿ ಪರಮಾನಂದ ಕವಿ ಬರೆದ ಸಂಸ್ಕೃತ ಕಾವ್ಯ ‘ಶಿವಭಾರತ’ದಲ್ಲಿ ಇದೇ ಬೆಳಗು ಬೇರೆ ಬಣ್ಣದ್ದು. ಅಲ್ಲಿ ಶಹಾಜಿ ಕಾದಾಡಿ ಸೆರೆಯಾಗುತ್ತಾನೆ, ಹಿಡಿದವರು ವಂಚಕರಾಗುತ್ತಾರೆ. ಬಿಜಾಪುರದವನಿಗೆ ಶಹಾಜಿಯನ್ನು ಕುಡುಕನಾಗಿ ತೋರಿಸುವ ಉಮೇದು, ಪರಮಾನಂದನಿಗೆ ತನ್ನ ಧಣಿಯ ತಂದೆಯ ಮಾನ ಕಾಯುವ ಹೊಣೆ. ಎರಡೂ ಕಡೆ ಸರಿಹೊಂದುವುದು ಇಷ್ಟೇ: ಕೈಯಾರೆ ಹಿಡಿದವನು ಬಾಜಿ. ಬಾಜಿಯ ಬಾಯಿಂದ ಬಂದ ಮಾತು ಇವೆರಡರಲ್ಲೂ ಇಲ್ಲ.

ನನಗನ್ನಿಸುವಂತೆ ಆ ಬೆಳಗಿನ ಕೆಲಸವನ್ನು ದ್ರೋಹ ಎನ್ನುವುದು ಕಷ್ಟ. ಆಜ್ಞೆ ಸೇನಾಪತಿಯದು, ಇಬ್ಬರೂ ಅವನ ಕೈಕೆಳಗಿನವರು, ಅಪ್ಪಣೆ ಮೀರುತ್ತೇನೆ ಎಂದವನು ಶಹಾಜಿ. ಬಾಜಿ ಒಲ್ಲೆ ಎಂದಿದ್ದರೆ ಮರುದಿನ ಅವನ ಡೇರೆಗೂ ಸವಾರರು ಬರುತ್ತಿದ್ದರು. ಅವನು ಆ ಕೆಲಸವನ್ನು ಮನಸ್ಸಿಲ್ಲದೆ ಮಾಡಿದನೆಂದು ಇದರರ್ಥವಲ್ಲ. ಇನ್ನೊಬ್ಬ ದೊಡ್ಡ ಮರಾಠ ಸರದಾರ ಬಿದ್ದರೆ ದರಬಾರಿನಲ್ಲಿ ತನಗೆ ಜಾಗವಾಗುತ್ತದೆ ಎಂಬ ಲೆಕ್ಕ ಯಾವ ಸರದಾರನಿಗೆ ತಿಳಿಯದು?

ಬಿಡುಗಡೆ, ರಾಜಿ, ಉಳಿದ ಉರಿ

ಶಹಾಜಿಯನ್ನು ಬಿಜಾಪುರಕ್ಕೆ ಸಾಗಿಸಿದ ಕೆಲಸ ಅಫಜಲ ಖಾನನದು. ಗೋಡೆಯೊಳಗೆ ನಿಲ್ಲಿಸಿ ಇಟ್ಟಿಗೆ ಕಟ್ಟುತ್ತ ಹೋದರು ಎಂಬ ಕತೆ ಬಖರು ಎಂಬ ಮರಾಠಿಯ ಹಳೆಯ ಚರಿತ್ರೆಗಳಲ್ಲಿ ಬರುತ್ತದೆ. ಅದನ್ನು ಕತೆಯೆಂದೇ ಓದಬೇಕು. ಮಗ ಶಿವಾಜಿ ಮೊಗಲ ರಾಜಕುಮಾರ ಮುರಾದನಿಗೆ ಪತ್ರ ಬರೆದು ಒತ್ತಡ ತರಲು ನೋಡಿದ. ಕೊನೆಗೆ 1649ರಲ್ಲಿ ಬಿಡುಗಡೆಯಾಯಿತು. ಪ್ರತಿಯಾಗಿ ಶಿವಾಜಿ ಕೊಂಡಾಣಾ ಕೋಟೆಯನ್ನೂ, ಅಣ್ಣ ಸಂಭಾಜಿ ಬೆಂಗಳೂರನ್ನೂ ಬಿಟ್ಟುಕೊಡಬೇಕಾಯಿತು. ಕೊಂಡಾಣಾ ಎಂದರೆ ಈಗಿನ ಸಿಂಹಗಡ.

ಶಹಾಜಿ ಮತ್ತೆ ಅದೇ ಬಾದಶಹನ ಚಾಕರಿಗೆ ನಿಂತ. ಈಗಿನವರಿಗೆ ಇದು ವಿಚಿತ್ರ, ಆಗ ಮಾಮೂಲು. ಮರಾಠರ ಇತಿಹಾಸ ಬರೆದ ಜೇಮ್ಸ್ ಗ್ರಾಂಟ್ ಡಫ್ ಒಂದು ಸ್ವಾರಸ್ಯದ ಸಂಗತಿ ಕೊಡುತ್ತಾನೆ: ಇಬ್ಬರ ನಡುವಿನ ಹಗೆ ಆರಲಿ ಎಂದು ಮುಹಮ್ಮದ್ ಆದಿಲ್ ಶಾಹನೇ ರಾಜಿ ಮಾಡಿಸಿದ, ಶಹಾಜಿ ಕರಾಡದ ಕಡೆಯ ತನ್ನ ದೇಶಮುಖಿ ಹಕ್ಕನ್ನೂ ಬಾಜಿ ಕರ್ನಾಟಕದ ತನ್ನ ಕೆಲವು ವತನಗಳನ್ನೂ ಅದಲುಬದಲು ಮಾಡಿಕೊಳ್ಳಬೇಕೆಂದು ಕರಾರಾಯಿತು. ಕರಾರು ಕಾಗದದಲ್ಲೇ ಉಳಿಯಿತು. ಮಾನಭಂಗದ ಜಗಳವನ್ನೂ ಹೊಲದ ಲೆಕ್ಕದಲ್ಲಿ ಬಗೆಹರಿಸಲು ಹೊರಟದ್ದು ನೋಡಿದರೆ ನಮ್ಮೂರ ಪಂಚಾಯಿತಿಕಟ್ಟೆ ನೆನಪಾಗುತ್ತದೆ.

ಬೆಟ್ಟದವನು, ಬಯಲಿನವನು

ಮುಂದಿನ ಹದಿನೈದು ವರ್ಷಗಳಲ್ಲಿ ಶಿವಾಜಿ ಬಂಡೆದ್ದು ರಾಜ್ಯ ಕಟ್ಟಿದ, ಬಾಜಿ ಬಿಜಾಪುರದ ಸರದಾರನಾಗಿಯೇ ಉಳಿದ. ಇದನ್ನು ಇಬ್ಬರ ಗುಣದ ವ್ಯತ್ಯಾಸವೆಂದು ಹೇಳಿ ಮುಗಿಸುವುದು ರೂಢಿ. ನಕ್ಷೆಯನ್ನೂ ಒಮ್ಮೆ ಬಿಚ್ಚಬೇಕು.

ಶಿವಾಜಿಯ ಬೆನ್ನಿಗೆ ಸಹ್ಯಾದ್ರಿ ಇತ್ತು. ಮಾವಳದ ಕಣಿವೆಗಳಲ್ಲಿ ಬಿಜಾಪುರದ ಭಾರಿ ದಂಡು, ಆನೆ, ತೋಪು ಹೊಕ್ಕರೆ ಹೊರಬರುವುದು ಕಷ್ಟ. ಅಫಜಲ ಖಾನ್ 1659ರ ನವೆಂಬರಿನಲ್ಲಿ ಪ್ರತಾಪಗಡದ ಬುಡದಲ್ಲಿ ಸತ್ತದ್ದು ಅಂಥ ಜಾಗದಲ್ಲೇ. ಮುಧೋಳವೋ ಘಟಪ್ರಭೆಯ ದಂಡೆಯ ಬಯಲೂರು. ಬಿಜಾಪುರದಿಂದ ನೂರು ಕಿಲೋಮೀಟರು ಕೂಡ ಇಲ್ಲ. ನಡುವೆ ಅಡ್ಡ ಬರುವ ದೊಡ್ಡ ನದಿ ಕೃಷ್ಣಾ ಒಂದೇ, ಬೇಸಿಗೆಯಲ್ಲಿ ಅದೂ ದಾಟುವಂಥದ್ದು. ಇಲ್ಲಿ ಕೂತು ಬಾದಶಹನಿಗೆ ಎದುರು ತಿರುಗಿದರೆ ಕೆಲವೇ ದಿನಗಳಲ್ಲಿ ದಂಡು ಬಾಗಿಲಿಗೆ ಬರುತ್ತಿತ್ತು. ಜಮಖಂಡಿಯಿಂದ ಬೀಳಗಿಯವರೆಗಿನ ಇಡೀ ಸೀಮೆಯ ಪಾಡು ಇದೇ: ರಾಜಧಾನಿಯ ಸೆರಗಿನಲ್ಲಿರುವವರಿಗೆ ನಿಷ್ಠೆ ಬಿಟ್ಟು ಬೇರೆ ದಾರಿ ಕಡಿಮೆ.

ಶಹಾಜಿಯ ಇನ್ನೊಬ್ಬ ಮಗ ವ್ಯಂಕೋಜಿ ಕೂಡ ಬಹುಕಾಲ ಬಿಜಾಪುರದ ಕಡೆಯೇ ಇದ್ದ. ಅವನನ್ನು ಯಾರೂ ಖಳನೆನ್ನುವುದಿಲ್ಲ. ತಂಜಾವೂರಿನ ಮರಾಠ ರಾಜ್ಯ ಕಟ್ಟಿದವನೆಂದು ಗೌರವಿಸುತ್ತಾರೆ.

1664ರ ದಾಳಿ

1664ರ ಜನವರಿಯಲ್ಲಿ ಶಿವಾಜಿ ಸೂರತ್ ಲೂಟಿ ಮಾಡಿ ಹಿಂದೂಸ್ತಾನವನ್ನೆಲ್ಲ ಬೆಚ್ಚಿಬೀಳಿಸಿದ. ಅದೇ ತಿಂಗಳು 23ರಂದು ಚನ್ನಗಿರಿ ಹತ್ತಿರದ ಹೊದಿಗೆರೆಯಲ್ಲಿ ಬೇಟೆಗೆ ಹೋಗಿದ್ದ ಶಹಾಜಿ ಕುದುರೆಯಿಂದ ಬಿದ್ದು ಸತ್ತ. ಅವನ ಸಮಾಧಿ ಅಲ್ಲಿ ಇಂದಿಗೂ ಇದೆ.

ಆ ವರ್ಷದ ಕೊನೆಗೆ ಬಿಜಾಪುರದ ಎರಡನೆಯ ಅಲಿ ಆದಿಲ್ ಶಾಹ ಕೊಂಕಣದ ಕುಡಾಳ ಕಡೆಗೆ ಖವಾಸ್ ಖಾನನನ್ನು ದಂಡು ಕೊಟ್ಟು ಕಳಿಸಿದ. ಅಲ್ಲಿ ಶಿವಾಜಿಯನ್ನು ಮಟ್ಟಹಾಕುವುದು ಉದ್ದೇಶ. ಹೋಗಿ ಕೂಡಿಕೋ ಎಂದು ಮುಧೋಳದ ಬಾಜಿಗೂ ಹುಕುಂ ಬಂತು. ಎರಡು ದಂಡು ಒಂದಾದರೆ ಶಿವಾಜಿಗೆ ಕಷ್ಟ. ಒಂದಾಗುವ ಮೊದಲೇ ಒಂದನ್ನು ಮುಗಿಸುವುದು ಅವನ ಪದ್ಧತಿ. ಘಟ್ಟ ಹತ್ತಿ, ಯಾರಿಗೂ ಸುಳಿವು ಸಿಗದಂತೆ ಬಯಲಿಗೆ ನುಗ್ಗಿ ಬಾಜಿಯ ಮೇಲೆ ಬಿದ್ದ. ಬಾಜಿ ಸತ್ತ. ಅವನ ಬಂಧುಗಳೂ ಅನೇಕರು ಸತ್ತರು, ಮುಧೋಳ ಲೂಟಿಯಾಗಿ ಉರಿಯಿತು ಎಂದು ಗ್ರಾಂಟ್ ಡಫ್ ಬರೆಯುತ್ತಾನೆ. ಆಮೇಲೆ ಖವಾಸ್ ಖಾನನೂ ಕೊಂಕಣದಲ್ಲಿ ನಿಲ್ಲಲಾರದೆ ಹಿಂದಿರುಗಿದ.

ಬಾಜಿ ಸತ್ತದ್ದೂ ಹುಕುಂ ಪಾಲಿಸಲು ಹೊರಟ ಹೊತ್ತಿನಲ್ಲೇ.

ಇಸವಿ ಬದಲಾದರೆ

ಗ್ರಾಂಟ್ ಡಫ್ ಈ ದಾಳಿಯನ್ನು 1661ಕ್ಕೆ ಇಡುತ್ತಾನೆ. ಈಗಿನ ಇತಿಹಾಸಕಾರರು ಬಹುತೇಕ 1664ರ ಕೊನೆ ಎನ್ನುತ್ತಾರೆ. ಮೂರು ವರ್ಷದ ಅಂತರಕ್ಕೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು ಎನ್ನಬೇಡಿ. ಇಡೀ ಕತೆಯ ರುಚಿ ಇದರ ಮೇಲೆ ನಿಂತಿದೆ.

ಜನಪ್ರಿಯ ಕತೆ ಹೀಗಿದೆ: ನನ್ನನ್ನು ಸೆರೆಹಿಡಿದವನ ಸೇಡು ತೀರಿಸು ಎಂದು ಶಹಾಜಿ ಮಗನಿಗೆ ಹೇಳಿಕಳಿಸಿದ, ಮಗ ತೀರಿಸಿದ, ಅಪ್ಪ ಹಿಗ್ಗಿ ಮಗನನ್ನು ನೋಡಲು ಬಂದ. 1661 ಆದರೆ ಇದಕ್ಕೆ ಎಡೆ ಇದೆ. 1664ರ ಕೊನೆ ಆದರೆ ಶಹಾಜಿ ತೀರಿಕೊಂಡು ತಿಂಗಳುಗಳೇ ಕಳೆದಿದ್ದವು, ಹಿಗ್ಗಲು ಅವನೇ ಇರಲಿಲ್ಲ. ಆಗ ಮುಧೋಳದ ದಾಳಿ ಮೊದಲು ಯುದ್ಧತಂತ್ರ, ಆಮೇಲೆ ಸೇಡು. ಸೇಡಿನ ಉರಿ ಇರಲಿಲ್ಲವೆಂದಲ್ಲ. ಆದರೆ ಖವಾಸ್ ಖಾನನ ದಂಡು ಕುಡಾಳಕ್ಕೆ ಬಾರದಿದ್ದರೆ ಶಿವಾಜಿ ಆ ವರ್ಷ ಮುಧೋಳದ ದಾರಿ ಹಿಡಿಯುತ್ತಿದ್ದನೇ ಎಂಬುದು ಕೇಳಬೇಕಾದ ಪ್ರಶ್ನೆ. ಹಿಡಿಯುತ್ತಿರಲಿಲ್ಲ ಎಂದು ನನ್ನ ಊಹೆ. ಹದಿನಾರು ವರ್ಷ ಕಾದವನಿಗೆ ಇನ್ನೂ ನಾಲ್ಕು ವರ್ಷ ಹೆಚ್ಚಲ್ಲ.

ಮಗನಿಗೆ ಬಂದ ಪತ್ರ

ಬಾಜಿಯ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಅವನು ಸತ್ತು 13 ವರ್ಷಗಳ ಮೇಲೆ ಬರೆದ ಒಂದು ಪತ್ರ. ಬರೆದವನು ಶಿವಾಜಿ. ಬರೆದದ್ದು ಬಾಜಿಯ ಮಗ ಮಾಲೋಜಿ ಘೋರ್ಪಡೆಗೆ.

1677. ಶಿವಾಜಿ ಛತ್ರಪತಿಯಾಗಿ ಮೂರು ವರ್ಷ. ದಕ್ಷಿಣ ದಿಗ್ವಿಜಯಕ್ಕೆ ಹೊರಟವನು ದಾರಿಯಲ್ಲಿ ಗೋಲ್ಕೊಂಡದ ಕುತುಬಶಾಹನ ಜೊತೆ ಒಪ್ಪಂದ ಮಾಡಿಕೊಂಡಿದ್ದ. ಬಿಜಾಪುರದಲ್ಲಿ ಸಿಕಂದರ್ ಆದಿಲ್ ಶಾಹ ಇನ್ನೂ ಹುಡುಗ. ಅಧಿಕಾರವೆಲ್ಲ ಪಠಾಣ ಸರದಾರ ಬಹಲೋಲ ಖಾನನ ಕೈಯಲ್ಲಿ. ಪತ್ರದಲ್ಲಿ ಶಿವಾಜಿ ಹಳೆಯದನ್ನು ಮುಚ್ಚಿಡುವುದಿಲ್ಲ. ನಮ್ಮ ತಂದೆ ನಿಮ್ಮ ತಂದೆಯನ್ನು ಮೇಲೆ ತಂದರು, ನಿಮ್ಮ ತಂದೆ ಅದನ್ನು ಮರೆತು ಅವರನ್ನೇ ಹಿಡಿದರು, ಮುಂದೆ ನಮ್ಮ ಕೈಯಲ್ಲಿ ಸತ್ತರು ಎಂದು ಒಂದೊಂದಾಗಿ ಎಣಿಸುತ್ತಾನೆ. ಎಣಿಸಿ, ಅದೆಲ್ಲ ಆಗಿಹೋಯಿತು, ಪಠಾಣರು ಬಿಜಾಪುರ ನುಂಗುತ್ತಿದ್ದಾರೆ, ದಖನ್ನಿನ ರಾಜ್ಯ ದಖನ್ನಿನವರ ಕೈಯಲ್ಲಿ ಉಳಿಯಬೇಕು, ನೀವು ಬನ್ನಿ, ಕುತುಬಶಾಹನಿಂದ ನಿಮಗೆ ಈಗಿರುವುದಕ್ಕಿಂತ ದೊಡ್ಡ ಜಹಗೀರು ಕೊಡಿಸುತ್ತೇನೆ ಎಂದು ಕರೆಯುತ್ತಾನೆ.

ತಂದೆಯನ್ನು ಹಿಡಿದವನ ಮಗನಿಗೆ, ತಾನು ಕೊಂದವನ ಮಗನಿಗೆ ಹೀಗೆ ಬರೆಯಬೇಕಾದರೆ ಹಗೆಯನ್ನು ಬದಿಗಿಡುವ ರಾಜಕಾರಣಿಯ ಧೈರ್ಯ ಬೇಕು. ನಾವು ಬಾಜಿಯ ಮೇಲೆ ಮೂರೂವರೆ ನೂರು ವರ್ಷ ಹೊರಿಸಿಕೊಂಡು ಬಂದ ಸಿಟ್ಟನ್ನು ಶಿವಾಜಿ ಹದಿಮೂರು ವರ್ಷದಲ್ಲೇ ಇಳಿಸಿಟ್ಟಿದ್ದ. ಇನ್ನೊಂದು ತಮಾಷೆಯನ್ನೂ ಗಮನಿಸಿ: ಮನೆತನ ತನ್ನ ವೈಭವವನ್ನು ಬಹಮನಿ ಕಾಲಕ್ಕೆ ಒಯ್ಯುತ್ತದೆ, ಪತ್ರವೋ ಅವರನ್ನು ಮೇಲೆ ತಂದವರು ಭೋಸಲೆಗಳೇ ಎನ್ನುತ್ತದೆ. ಉಪಕಾರ ಮಾಡಿದವರ ಲೆಕ್ಕವೂ ಪಡೆದವರ ಲೆಕ್ಕವೂ ತಾಳೆಯಾದ ಉದಾಹರಣೆ ಇತಿಹಾಸದಲ್ಲಿ ಅಪರೂಪ.

ಮಾಲೋಜಿ ಹೋಗಲಿಲ್ಲ. ಅಪ್ಪನಂತೆ ಬಿಜಾಪುರಕ್ಕೇ ಅಂಟಿಕೊಂಡ. 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ ಮೇಲೆ ಮೊಗಲರ ಚಾಕರಿಗೆ ಸೇರಿದ. ಘೋರ್ಪಡೆಗಳ ಬೇರೆ ಕವಲುಗಳು ಆಗ ಎದುರು ಪಾಳೆಯದಲ್ಲಿದ್ದವು. ಮೊಗಲ ದಂಡುಗಳ ನಿದ್ದೆಗೆಡಿಸಿದ ಮರಾಠ ಸೇನಾಪತಿ ಸಂತಾಜಿ ಘೋರ್ಪಡೆ ಅಂಥದೊಂದು ಕವಲಿನವನು. ನಮ್ಮ ಸಂಡೂರಿನ ಅರಸರೂ ಘೋರ್ಪಡೆಗಳೇ.

ಬಿದ್ದದ್ದು ಆಳು, ಮನೆಯಲ್ಲ

ಬಾಜಿ ಬಿದ್ದ, ಮುಧೋಳ ಉಳಿಯಿತು. ಆದಿಲಶಾಹಿ, ಮೊಗಲರು, ಪೇಶ್ವೆಗಳು, ಇಂಗ್ಲಿಷರು ಹೀಗೆ ಧಣಿಗಳು ಬದಲಾದಂತೆ ಮನೆತನ ಹೊಸಬರಿಗೆ ಮುಜರೆ ಸಲ್ಲಿಸಿತು. 1857ರ ನವೆಂಬರಿನಲ್ಲಿ ಇದೇ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ಇಂಗ್ಲಿಷರಿಗೆ ಎದುರು ನಿಂತರು. ಊರು ಸುಟ್ಟಿತು. ಸೆರೆಸಿಕ್ಕವರಲ್ಲಿ ಕೆಲವರನ್ನು ಮುಧೋಳದಲ್ಲೇ ಗಲ್ಲಿಗೆ ಹಾಕಿದರು. ಅರಮನೆ ಇಂಗ್ಲಿಷರ ಕಡೆಗಿತ್ತು. ಬೇಡರ ಲಾವಣಿ ಊರೂರಲ್ಲಿ ಹಾಡಾಯಿತು, ಅರಮನೆಯ ಮೇಲೆ ಯಾರೂ ಪದ ಕಟ್ಟಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಧೋಳದ ಮಾಲೋಜಿರಾವ್ ಘೋರ್ಪಡೆ ದೊರೆ ಐದನೆಯ ಜಾರ್ಜನಿಗೆ ಒಂದು ಜೊತೆ ಬೇಟೆನಾಯಿ ಕಾಣಿಕೆ ಕೊಟ್ಟರು. ಮುಧೋಳ ನಾಯಿಯ ಹೆಸರು ಊರಾಚೆ ಹಬ್ಬಿದ್ದು ಅಲ್ಲಿಂದ. ಅವರ ಕಾಲದಲ್ಲೇ, 1934ರಲ್ಲಿ, ದ.ವಿ. ಆಪಟೆ ಬರೆದ ಮುಧೋಳ ಘೋರ್ಪಡೆ ಮನೆತನದ ಇತಿಹಾಸ ಮರಾಠಿಯಲ್ಲಿ ಅಚ್ಚಾಯಿತು. ಬಹಮನಿ ಮತ್ತು ಆದಿಲಶಾಹಿ ಫರ್ಮಾನುಗಳನ್ನು ಮುಂದಿಟ್ಟು ಘೋರ್ಪಡೆ–ಭೋಸಲೆಗಳ ರಜಪೂತ ಮೂಲವನ್ನು ಅದು ಸಾರಿತು. ಶಿವಾಜಿಯ ಚರಿತ್ರೆ ಬರೆದ ಬಾಲಕೃಷ್ಣ ಆ ಫರ್ಮಾನುಗಳನ್ನು ನೆಚ್ಚಿದರು. ಜದುನಾಥ ಸರ್ಕಾರ್ ಅವರಂಥವರಿಗೆ ಭೋಸಲೆಗಳ ರಜಪೂತ ವಂಶಾವಳಿಯೇ ಅನುಮಾನದ್ದು. ಆ ಚರ್ಚೆ ಇನ್ನೂ ತಣ್ಣಗಾಗಿಲ್ಲ. ಶಿವಾಜಿಯ ಕೈಯಲ್ಲಿ ಹಿರಿಯನನ್ನು ಕಳೆದುಕೊಂಡ ಮನೆತನ ಈಗ ಶಿವಾಜಿಯ ರಕ್ತಸಂಬಂಧವನ್ನು ತನ್ನ ದೊಡ್ಡ ಹೆಮ್ಮೆಯಾಗಿ ಮುಂದಿಟ್ಟಿತ್ತು.

1948ರ ಮಾರ್ಚ್ 8ರಂದು ಮುಧೋಳ, ಜಮಖಂಡಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಆಗ ಗಾದಿಯಲ್ಲಿದ್ದವರು ಮಾಲೋಜಿರಾಯರ ಮಗ ಭೈರವಸಿಂಹರಾವ್, ವಯಸ್ಸು ಇಪ್ಪತ್ತೂ ತುಂಬಿರಲಿಲ್ಲ. ಜಹಗೀರಿನ ಹಳ್ಳಿಗಳು ಬಿಜಾಪುರ ಜಿಲ್ಲೆಗೆ ಸೇರಿದವು, 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಬಂದವು.